ಶಿವಮೊಗ್ಗದಲ್ಲಿ ಕಾಫಿ ಅಂಗಡಿ ಇಡುವ ಮುಂಚೆ: ಹದಿನಾಲ್ಕು ತಿಂಗಳಿಗೆ ಬಾಗಿಲು ಹಾಕಿ ನಾವು ಕಲಿತ ಲೆಕ್ಕ

2023ರ ದೀಪಾವಳಿ ಮುಗಿದ ವಾರ ನಾನೂ ನನ್ನ ತಮ್ಮನೂ ಸೇರಿ ಶಿವಮೊಗ್ಗದಲ್ಲಿ ಒಂದು ಕಾಫಿ ಅಂಗಡಿ ತೆರೆದೆವು. ಸವಳಂಗ ರಸ್ತೆ ಕಡೆಯ ಒಂದು ಅಡ್ಡರಸ್ತೆ. 2024ರ ಡಿಸೆಂಬರ್ ಕೊನೆಗೆ ಬಾಗಿಲು ಹಾಕಿದೆವು. ಕಾಫಿ ಚೆನ್ನಾಗಿತ್ತು. ಜನ ಬರಲಿಲ್ಲ ಅಂತಲೂ ಹೇಳುವ ಹಾಗಿಲ್ಲ, ಎಷ್ಟೋ ಸಂಜೆ ಕೂರಲು ಜಾಗ ಇರುತ್ತಿರಲಿಲ್ಲ. ಆದರೂ ತಿಂಗಳ ಕೊನೆಗೆ ಗಲ್ಲಾ ಎಣಿಸಿದರೆ ಬಾಡಿಗೆಗೆ ಕೈಯಿಂದ ಹಾಕಬೇಕಾಗುತ್ತಿತ್ತು.

ಬಾಗಿಲು ಹಾಕಿದ ಮೇಲೆ ನಾಲ್ಕೈದು ಜನ ನನ್ನನ್ನು ಹುಡುಕಿಕೊಂಡು ಬಂದು ಕೇಳಿದ್ದಾರೆ, "ನಾವೂ ಒಂದು ಇಡೋಣ ಅಂತಿದೀವಿ, ಏನ್ ಮಾಡ್ಬೇಕು?" ಅಂತ. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜುಲೈ ತಿಂಗಳಲ್ಲಿ ಬಾಡಿಗೆ, ಸಂಬಳ ಕಟ್ಟಲು ಆಗುವ ಅಳತೆಯಲ್ಲಿ ಅಂಗಡಿ ಕಟ್ಟಬೇಕು. ನಾವು ಡಿಸೆಂಬರ್ ನೋಡಿ ಕಟ್ಟಿದೆವು.

ಹೆಜ್ಜೆ 1: ಜಾಗ ನೋಡುವ ಮೊದಲು ಎಣಿಸಿ

ಒಂದು ನೋಟ್‌ಬುಕ್ ಹಿಡಿದು ನೀವು ನೋಡಿರುವ ಜಾಗದ ಎದುರು ನಿಲ್ಲಿ. ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 3ರಿಂದ 4, ಸಂಜೆ 5ರಿಂದ 8. ಒಂದು ಮಂಗಳವಾರ, ಒಂದು ಶನಿವಾರ, ಒಂದು ಭಾನುವಾರ, ಮತ್ತೆ ಜೋರು ಮಳೆ ಬಂದ ಒಂದು ದಿನ. ಈ ನಾಲ್ಕು ದಿನ ತಪ್ಪಿಸಬೇಡಿ.

ಏನನ್ನು ಎಣಿಸಬೇಕು ಅನ್ನುವುದು ಮುಖ್ಯ. ನಾವು ರಸ್ತೆಯಲ್ಲಿ ಓಡಾಡುವವರನ್ನು ಎಣಿಸಿದೆವು. ಗಂಟೆಗೆ 300 ಜನ ಕಂಡರು, ಖುಷಿಯಾದೆವು. ಆ 300ರಲ್ಲಿ ಮುಕ್ಕಾಲು ಪಾಲು ಬೈಕ್ ಮೇಲಿದ್ದವರು. ಅಲ್ಲಿ ಬೈಕ್ ನಿಲ್ಲಿಸಲು ಜಾಗವಿರಲಿಲ್ಲ, ಹಾಗಾಗಿ ಅವರು ನಮ್ಮ ಲೆಕ್ಕಕ್ಕೆ ಬರಲೇಬಾರದಿತ್ತು. ಎಣಿಸಬೇಕಾದದ್ದು ಕೈಯಲ್ಲಿ ಲೋಟ ಹಿಡಿದವರನ್ನು. ಸುತ್ತಲಿನ ಹೋಟೆಲ್, ಬೇಕರಿ, ಗೂಡಂಗಡಿಗಳಲ್ಲಿ ಒಂದು ಗಂಟೆಗೆ ಎಷ್ಟು ಕಾಫಿ, ಟೀ ಹೋಗುತ್ತದೆ ಅಂತ ನೋಡಿ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ನಿಮಗೆ ಬಂದರೆ ಸಾಕು ಅನ್ನುವ ಹಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ.

ನೆಹರೂ ರಸ್ತೆ, ದುರ್ಗಿಗುಡಿ, ಗಾಂಧಿ ಬಜಾರ್ ಕಡೆ ಜನ ನಡೆದೇ ಓಡಾಡುತ್ತಾರೆ, ನಿಂತು ಕುಡಿಯುತ್ತಾರೆ. ಹೊಸ ಬಡಾವಣೆಗಳ ಕಡೆ ಜನ ಗಾಡಿಯಲ್ಲಿ ಬಂದು ಕೂರುತ್ತಾರೆ. ಎರಡೂ ಬೇರೆ ಬೇರೆ ವ್ಯಾಪಾರ. ಒಂದಕ್ಕೆ ಕುರ್ಚಿ ಬೇಡ, ಇನ್ನೊಂದಕ್ಕೆ ಪಾರ್ಕಿಂಗ್ ಇಲ್ಲದೆ ಆಗುವುದಿಲ್ಲ.

ಹೆಜ್ಜೆ 2: ಹನ್ನೆರಡು ಚೌಕ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಹನ್ನೆರಡು ಚೌಕ ಎಳೆದು ತಿಂಗಳ ಹೆಸರು ಬರೆಯಿರಿ. ಪ್ರತಿ ಚೌಕದಲ್ಲಿ ಆ ತಿಂಗಳು ನಿಮ್ಮ ಗಿರಾಕಿ ಎಲ್ಲಿರುತ್ತಾನೆ ಅಂತ ಬರೆಯಿರಿ. ನಾವು ಇದನ್ನು ಮಾಡಲಿಲ್ಲ. ಮಾಡಿದ್ದರೆ ಅಂಗಡಿಯನ್ನೇ ಬೇರೆ ಥರ ಕಟ್ಟುತ್ತಿದ್ದೆವು.

ನಮ್ಮ ಗಿರಾಕಿಗಳಲ್ಲಿ ಜಾಸ್ತಿ ಜನ ಕಾಲೇಜಿನ ಹುಡುಗ ಹುಡುಗಿಯರು. ಮಾರ್ಚ್‌ನಲ್ಲಿ ಪಿಯು ಪರೀಕ್ಷೆ. ಏಪ್ರಿಲ್, ಮೇ ರಜೆ, ಹಾಸ್ಟೆಲ್ ಖಾಲಿ. ಎಂಜಿನಿಯರಿಂಗ್‌ನವರಿಗೆ ಸೆಮಿಸ್ಟರ್ ನಡುವೆ ಮತ್ತೆ ರಜೆ. ಜೂನ್‌ನಲ್ಲಿ ಅವರು ವಾಪಸ್ ಬರುವ ಹೊತ್ತಿಗೆ ಮಳೆಯೂ ಬರುತ್ತದೆ. ಜುಲೈನಲ್ಲಿ ಮಳೆ ಹಿಡಿದುಕೊಂಡರೆ ಸಂಜೆ ಆರೂವರೆಗೆಲ್ಲ ಊರು ಮನೆ ಸೇರಿರುತ್ತದೆ. ಬೈಕ್‌ನಲ್ಲಿ ರೈನ್‌ಕೋಟ್ ಹಾಕಿಕೊಂಡು ಹೋಗುವವನು ಕಾಫಿಗೆ ಅಂತ ಇಳಿಯುವುದಿಲ್ಲ, ಮನೆಗೆ ಹೋಗಿ ಬಿಸಿ ಬಿಸಿ ಕುಡಿಯುತ್ತಾನೆ.

ನಮ್ಮ ನೋಟ್‌ಬುಕ್‌ನಲ್ಲಿರುವ ದಿನದ ಸರಾಸರಿ ಹೀಗಿದೆ. ಡಿಸೆಂಬರ್, ಜನವರಿ: 95 ಕಪ್. ಏಪ್ರಿಲ್: 55. ಮೇ: 50. ಜೂನ್: 60. ಜುಲೈ: 40. ಆಗಸ್ಟ್: 50. ಮಾರ್ಚ್ ನಮಗೆ ಮೋಸ ಮಾಡಿತು. ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, 2024ರ ಮಾರ್ಚ್‌ನಲ್ಲಿ ಬಂತು. ಊರಿಗೆ ಊರೇ ನೆಂಟರಿಂದ ತುಂಬಿತ್ತು, ಆ ವಾರ ದಿನಕ್ಕೆ 140 ಕಪ್ ಹೋಯಿತು. ಅದನ್ನೇ ನೋಡಿ ಇನ್ನೊಬ್ಬ ಹುಡುಗನನ್ನು ಕೆಲಸಕ್ಕೆ ಸೇರಿಸಿಕೊಂಡೆವು. ಜಾತ್ರೆ ವಾರದ ವ್ಯಾಪಾರವನ್ನು ಸರಾಸರಿಗೆ ಸೇರಿಸಬೇಡಿ, ಬೇರೆ ಹಾಳೆಯಲ್ಲಿ ಬರೆದಿಡಿ.

ನೀವು ಆಗುಂಬೆ, ಜೋಗದ ದಾರಿಯಲ್ಲಿ ಅಂಗಡಿ ಇಡುವುದಾದರೆ ಈ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಅಲ್ಲಿ ಮಳೆಯೇ ಸೀಸನ್. ಜಲಪಾತ ತುಂಬಿದಾಗಲೇ ಜನ ಬರುವುದು, ಅದೂ ಶನಿವಾರ, ಭಾನುವಾರ. ಬೇಸಿಗೆಯಲ್ಲಿ ನೊಣ ಹೊಡೆಯಬೇಕು. ಹಾಗಾಗಿ ಬೇರೆ ಊರಿನವರ ಚೌಕಗಳನ್ನು ನೋಡಿ ನಿಮ್ಮದನ್ನು ತುಂಬಬೇಡಿ.

ಹೆಜ್ಜೆ 3: ಕಪ್‌ನ ಲೆಕ್ಕ

ಇದು ಈ ಬರಹದ ಹೊಟ್ಟೆ. ದಯವಿಟ್ಟು ಪೆನ್ ಹಿಡಿದು ಓದಿ.

ನಮ್ಮ ತಿಂಗಳ ಕಾಯಂ ಖರ್ಚು: ಬಾಡಿಗೆ 25,000. ಮೂವರ ಸಂಬಳ 42,000. ಕರೆಂಟು 9,000. ಸಾಲದ ಕಂತು 11,000. ಗ್ಯಾಸು, ಇಂಟರ್ನೆಟ್, ರಿಪೇರಿ, ಸೋಪು, ಪೊರಕೆ ಎಲ್ಲ ಸೇರಿ 5,000. ಒಟ್ಟು 92,000. ಒಂದು ಕಪ್ ಹೋಗದಿದ್ದರೂ ಇಷ್ಟು ಕೊಡಲೇಬೇಕು.

ಈಗ ಒಂದು ಕಪುಚಿನೊ. ಮಾರುವ ಬೆಲೆ 90. ಬೀಜ 18 ಗ್ರಾಂ, ಕಿಲೋಗೆ 1,000 ರೂಪಾಯಿ ಲೆಕ್ಕದಲ್ಲಿ 18 ರೂಪಾಯಿ. ಹಾಲು 150 ಮಿ.ಲೀ., 7 ರೂಪಾಯಿ. ಸಕ್ಕರೆ, ಟಿಶ್ಯೂ 4. ಚೆಲ್ಲಿದ್ದು, ಸರಿಯಾಗಿ ಬಾರದೆ ಬಿಸಾಡಿದ್ದು 3. ಒಟ್ಟು 32. ಉಳಿಯುವುದು 58.

ಈಗ ಫಿಲ್ಟರ್ ಕಾಫಿ. ಬೆಲೆ 25. ಪುಡಿ 10 ಗ್ರಾಂ, 7 ರೂಪಾಯಿ. ಹಾಲು 100 ಮಿ.ಲೀ., 5. ಸಕ್ಕರೆ ಇತ್ಯಾದಿ 2. ಒಟ್ಟು 14. ಉಳಿಯುವುದು 11.

92,000ವನ್ನು 58ರಿಂದ ಭಾಗಿಸಿ. ತಿಂಗಳಿಗೆ 1,586 ಕಪ್, ದಿನಕ್ಕೆ 53. ಆಗಬಹುದು ಅನ್ನಿಸುತ್ತದೆ ಅಲ್ವಾ? ಬ್ಯಾಂಕಿಗೆ ನಾವು ತೋರಿಸಿದ್ದು ಇದೇ ಲೆಕ್ಕ. ಈಗ 11ರಿಂದ ಭಾಗಿಸಿ. ತಿಂಗಳಿಗೆ 8,364 ಕಪ್, ದಿನಕ್ಕೆ 279. ಹನ್ನೆರಡು ಗಂಟೆ ತೆರೆದಿಟ್ಟರೆ ಗಂಟೆಗೆ 23 ಲೋಟ.

ಬಂದ ಜನರಲ್ಲಿ ಅರ್ಧಕ್ಕರ್ಧ ಫಿಲ್ಟರ್ ಕಾಫಿಯನ್ನೇ ಕೇಳಿದರು. ಹಾಗಾಗಿ ಸರಾಸರಿ ಒಂದು ಕಪ್‌ಗೆ ಉಳಿದಿದ್ದು ಮೂವತ್ತನಾಲ್ಕೂವರೆ ರೂಪಾಯಿ. ಅಸಲು ಬರಲು ದಿನಕ್ಕೆ 89 ಕಪ್ ಬೇಕಿತ್ತು. ಹದಿನಾಲ್ಕು ತಿಂಗಳಲ್ಲಿ ಅಷ್ಟು ದಾಟಿದ್ದು ನಾಲ್ಕೇ ತಿಂಗಳು. ಈ 89ರಲ್ಲಿ ನನ್ನ ಸಂಬಳವೂ ಇಲ್ಲ, ತಮ್ಮನ ಸಂಬಳವೂ ಇಲ್ಲ. ತಲೆಗೆ 15,000 ಅಂತ ಸೇರಿಸಿದರೆ ದಿನಕ್ಕೆ 118 ಕಪ್. ನಿಮ್ಮ ಸಂಬಳವನ್ನು ಮೊದಲ ದಿನದಿಂದಲೇ ಖರ್ಚಿಗೆ ಬರೆಯಿರಿ. ಬರೆಯದಿದ್ದರೆ ಅಂಗಡಿ ನಡೆಯುತ್ತಿದೆ ಅಂತ ಅನ್ನಿಸುತ್ತಲೇ ಇರುತ್ತದೆ, ಮನೆಯಲ್ಲಿ ಮಾತ್ರ ದುಡ್ಡಿರುವುದಿಲ್ಲ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳ ಸರಾಸರಿ 51 ಕಪ್. ತಿಂಗಳಿಗೆ ಸುಮಾರು 39,000 ಕಡಿಮೆ ಬಿತ್ತು. ಐದು ತಿಂಗಳಿಗೆ ಹತ್ತಿರ ಹತ್ತಿರ 2 ಲಕ್ಷ. ಅಂದರೆ ತೆರೆದ ದಿನ ನಮ್ಮ ಕೈಯಲ್ಲಿ ಕನಿಷ್ಠ 2 ಲಕ್ಷ ಮುಟ್ಟದ ದುಡ್ಡು ಇರಬೇಕಿತ್ತು. ಇದ್ದಿದ್ದು 40,000.

14 ಲಕ್ಷ ಬಂಡವಾಳ ಎಲ್ಲಿ ಹೋಯಿತು ಅಂದರೆ: ಅಡ್ವಾನ್ಸ್ 2.5 ಲಕ್ಷ, ಇಂಟೀರಿಯರ್ 4.8 ಲಕ್ಷ, ಮೆಷಿನ್ ಮತ್ತು ಗ್ರೈಂಡರ್ 3.6 ಲಕ್ಷ, ಫ್ರಿಜ್ಜು ಪಾತ್ರೆ 1.1 ಲಕ್ಷ, ಕುರ್ಚಿ ಮೇಜು 1.2 ಲಕ್ಷ, ಬೋರ್ಡು ಮತ್ತು ಪರವಾನಗಿಗಳು 40,000, ಉಳಿದದ್ದು ಕೈಯಲ್ಲಿದ್ದ ಆ 40,000. ಇದರಲ್ಲಿ ನಮ್ಮ ದೊಡ್ಡ ತಪ್ಪು ಇಂಟೀರಿಯರ್. ಮೇಲ್ಛಾವಣಿಗೆ ಹಾಕಿದ ಜಿಪ್ಸಂ, ಗೋಡೆಗೆ ಹಾಕಿದ ಕಲ್ಲು, ನೆಲದ ಟೈಲ್ಸ್ ಯಾವುದನ್ನೂ ಬಿಚ್ಚಿಕೊಂಡು ಬರಲು ಆಗುವುದಿಲ್ಲ. ಹೊತ್ತುಕೊಂಡು ಹೋಗಬಹುದಾದ ವಸ್ತುವಿಗೆ ಮಾತ್ರ ದುಡ್ಡು ಹಾಕಿ. ಗೋಡೆಗೆ ಸುಣ್ಣ ಬಣ್ಣ, ಒಳ್ಳೆ ಬೆಳಕು, ಸ್ವಚ್ಛವಾದ ಟಾಯ್ಲೆಟ್. ಇಷ್ಟಿದ್ದರೆ ಜನ ಕೂರುತ್ತಾರೆ.

ಹೆಜ್ಜೆ 4: ಏನು ಮಾರುತ್ತೀರಿ ಅಂತ ತೀರ್ಮಾನಿಸಿ

ಮಲೆನಾಡಿನಲ್ಲಿ ಒಳ್ಳೆ ಕಾಫಿ ಅಪರೂಪದ ವಸ್ತುವಲ್ಲ. ಪಕ್ಕದ ಚಿಕ್ಕಮಗಳೂರಿನ ಬೆಟ್ಟದಲ್ಲೇ ಬಾಬಾಬುಡನ್ ಬೀಜ ನೆಟ್ಟ ಕಥೆ ಇದೆ, ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಇಲ್ಲಿ ಎಷ್ಟೋ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಡಿಕಾಕ್ಷನ್ ಇಳಿದಿರುತ್ತದೆ. ಅಂಥ ಊರಲ್ಲಿ 90 ರೂಪಾಯಿ ಕೊಡುವವನು ಕಾಫಿಗೆ ಅಂತ ಕೊಡುವುದಿಲ್ಲ. ಕೂರುವ ಜಾಗಕ್ಕೆ, ಮಾತಾಡುವ ಹೊತ್ತಿಗೆ ಕೊಡುತ್ತಾನೆ.

ಇದು ನನಗೆ ಅರ್ಥವಾಗಿದ್ದು ಒಬ್ಬ ಹಿರಿಯರಿಂದ. ನಿವೃತ್ತ ಮೇಷ್ಟ್ರು. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ಒಂದು ಫಿಲ್ಟರ್ ಕಾಫಿ, ಸಕ್ಕರೆ ಕಡಿಮೆ. ಕನ್ನಡಕ ಒರೆಸಿ ಪೇಪರ್ ಬಿಡಿಸಿದರೆ ಹನ್ನೆರಡರವರೆಗೆ ಏಳುತ್ತಿರಲಿಲ್ಲ. ಹೋಗುವಾಗ ಲೋಟ, ಬಟ್ಟಲು ತಾವೇ ತಂದು ಕೌಂಟರ್ ಮೇಲಿಟ್ಟು, "ಚೆನ್ನಾಗಿತ್ತು ಮಾರಾಯ" ಅಂದು 25 ರೂಪಾಯಿ ಎಣಿಸಿ ಕೊಡುತ್ತಿದ್ದರು. ಆ ಮೇಜಿನಿಂದ ಎರಡು ಗಂಟೆಗೆ ನಮಗೆ ಉಳಿದಿದ್ದು 11 ರೂಪಾಯಿ. ಅವರದ್ದು ಏನೂ ತಪ್ಪಿಲ್ಲ. ಅಂಥವರು ಬರುವುದು ಯಾವ ಅಂಗಡಿಗಾದರೂ ಗೌರವ. ಕೂರುವ ಮೇಜಿನಲ್ಲಿ ಹೋಟೆಲ್ ದರದ ಕಾಫಿ ಇಟ್ಟ ತಪ್ಪು ನಮ್ಮದು.

ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದು, ನಿಂತು ಕುಡಿಯುವ ಫಿಲ್ಟರ್ ಕಾಫಿ ಅಂಗಡಿ. 150 ಚದರಡಿ ಸಾಕು, ಇಬ್ಬರು ಜನ ಸಾಕು, ಬಾಡಿಗೆ ಕಡಿಮೆ, ಬೈಟು ಕೇಳಿದರೂ ಬೇಸರವಿಲ್ಲ. ಎರಡು, ಕೂರುವ ಅಂಗಡಿ. ಅಲ್ಲಿ ಫಿಲ್ಟರ್ ಕಾಫಿಗೂ 50, 60 ಇಡಬೇಕು. ಬರೀ ಕಾಫಿ ಸಾಲದು, ತಿಂಡಿ ಬೇಕೇ ಬೇಕು. ನಾವು ಎರಡನ್ನೂ ಒಂದೇ ಸೂರಿನಡಿ ಮಾಡಲು ಹೋಗಿ ಕೂರುವ ಅಂಗಡಿಯ ಬಾಡಿಗೆ ಕಟ್ಟಿ ನಿಲ್ಲುವ ಅಂಗಡಿಯ ದರ ಪಡೆದೆವು.

ತಿಂಡಿ ವಿಷಯಕ್ಕೆ ಜುಲೈನ ಒಂದು ಸಂಜೆ ನೆನಪಾಗುತ್ತದೆ. ಹೊರಗೆ ಧೋ ಅಂತ ಮಳೆ. ನಮ್ಮ ಗಾಜಿನ ಫ್ರಿಜ್ಜಿನಲ್ಲಿ ಆರು ಪೀಸ್ ಚೀಸ್‌ಕೇಕ್, ಒಂದೂ ಹೋಗಿರಲಿಲ್ಲ. ಎದುರಿಗೆ ನೀಲಿ ಟಾರ್ಪಾಲ್ ಕಟ್ಟಿದ ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ. ಟಾರ್ಪಾಲ್ ಕೆಳಗೆ ಹದಿನೈದು ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಅವರಲ್ಲಿ ಮೂವರು ನಮ್ಮ ಕಾಯಂ ಗಿರಾಕಿಗಳು. ಮಳೆಗಾಲದ ಮೆನು ಬೇರೆ ಇರಲಿ. ಬಿಸಿ, ಖಾರ, ಎಣ್ಣೆಯಲ್ಲಿ ಕರಿದದ್ದು. ಅದಕ್ಕೆ ಹೊಗೆ ಹೋಗುವ ದಾರಿ ಬೇಕು. ಜಾಗ ನೋಡುವಾಗಲೇ ಎಗ್ಸಾಸ್ಟ್ ಎಲ್ಲಿಂದ ಬಿಡಬಹುದು ಅಂತ ನೋಡಿಕೊಳ್ಳಿ.

ಪುಡಿಯ ಬಗ್ಗೆ: ಮೊದಲು ನಾವು ಬರೀ ಅರೇಬಿಕಾ ಹಾಕಿದೆವು, ಚಿಕೋರಿ ಇಲ್ಲ. ಜನ "ಗಟ್ಟಿ ಇಲ್ಲ" ಅಂದರು. ಆಮೇಲೆ ರೊಬಸ್ಟಾ ಸೇರಿಸಿ 80:20 ಚಿಕೋರಿಗೆ ಬಂದೆವು, ದೂರು ನಿಂತಿತು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಬೇಕು, ಪೊಟ್ಟಣದ ಮೇಲೆ ಪ್ರಮಾಣ ಬರೆದಿರಬೇಕು. ಬರೆಯದವರ ಹತ್ತಿರ ಕೊಳ್ಳಬೇಡಿ. ತೆರೆಯುವ ಮುಂಚೆ ಮೂರು ಥರದ ಡಿಕಾಕ್ಷನ್ ಮಾಡಿ ಇಪ್ಪತ್ತು ಜನರಿಗೆ ಕುಡಿಸಿ ನೋಡಿ. ನಿಮ್ಮ ಮನೆಯವರನ್ನು ಆ ಇಪ್ಪತ್ತರಲ್ಲಿ ಸೇರಿಸಬೇಡಿ.

ಬೆಲೆ ಏರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. 2024ರಲ್ಲಿ ರೊಬಸ್ಟಾ ದರ ದಾಖಲೆ ಮುಟ್ಟಿತು. ಅದೇ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 50 ಮಿ.ಲೀ. ಸೇರಿಸಿ 2 ರೂಪಾಯಿ ಏರಿಸಿದರು. ತೋಟದವನಿಗೆ, ಹಸು ಕಟ್ಟಿದವನಿಗೆ ನಾಲ್ಕು ಕಾಸು ಸಿಗಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನಾವು ಮೆನುವನ್ನು ಗೋಡೆಯ ಮೇಲೆ ಪೇಂಟ್ ಮಾಡಿಸಿದ್ದೆವು. ಬೆಲೆ ಬದಲಿಸಲು ಮನಸ್ಸು ಬರದೆ ನಾಲ್ಕು ತಿಂಗಳು ಹಾಗೇ ಬಿಟ್ಟೆವು. ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ.

ಹೆಜ್ಜೆ 5: ಬಾಡಿಗೆ ಕರಾರು

11 ತಿಂಗಳ ಕರಾರು ಎಲ್ಲರೂ ಮಾಡುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕೆ ಖರ್ಚಿದೆ, ಅದನ್ನು ತಪ್ಪಿಸಿಕೊಳ್ಳಲು 11 ತಿಂಗಳು. ಮನೆಗೆ ಅದು ಸರಿ. ಗೋಡೆಗೆ ಲಕ್ಷಗಟ್ಟಲೆ ಸುರಿಯುವ ಅಂಗಡಿಗೆ ಸರಿಯಲ್ಲ. ನಮ್ಮ ಕರಾರು ಮುಗಿದಾಗ ಮಾಲೀಕರು ಬಾಡಿಗೆ 29,000 ಕೇಳಿದರು. ಮಾತಾಡಿ 28,000ಕ್ಕೆ ಇಳಿಸಿದೆವು. ಬಿಟ್ಟು ಹೋಗುತ್ತೇವೆ ಅನ್ನುವ ಧೈರ್ಯ ನಮಗಿರಲಿಲ್ಲ, ಒಳಗೆ 4.8 ಲಕ್ಷ ಅಂಟಿಕೊಂಡಿತ್ತು.

ಮೂರು ವರ್ಷಕ್ಕೆ ನೋಂದಾಯಿತ ಕರಾರು ಮಾಡಿಸಿ. ವರ್ಷಕ್ಕೆ ಎಷ್ಟು ಏರಿಸಬಹುದು ಅಂತ ಬರೆಸಿ. ಕೆಲಸ ನಡೆಯುವ ತಿಂಗಳು ಬಾಡಿಗೆ ಇಲ್ಲ ಅಂತ ಕೇಳಿ, ಎಷ್ಟೋ ಜನ ಒಪ್ಪುತ್ತಾರೆ. ನೀವು ಬಿಡುವಾಗ ಎಷ್ಟು ದಿನದ ನೋಟಿಸ್, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಅನ್ನುವುದೂ ಕಾಗದದಲ್ಲಿರಲಿ. ಬಾಯಿಮಾತು ಬೇಡ.

ಹೆಜ್ಜೆ 6: ಕರೆಂಟು, ನೀರು, ಮೆಷಿನ್

ಒಟ್ಟಿಗೆ ಎರಡು ಕಡೆ ಕಾಫಿ ಇಳಿಸುವ (ಎರಡು ಗ್ರೂಪ್‌ನ) ಎಸ್ಪ್ರೆಸೊ ಮೆಷಿನ್ ಒಂದೇ 3ರಿಂದ 4 ಕಿಲೋವಾಟ್ ಎಳೆಯುತ್ತದೆ. ನಮ್ಮ ಕಟ್ಟಡಕ್ಕೆ ಮಂಜೂರಾಗಿದ್ದ ಲೋಡ್ 3 ಕಿಲೋವಾಟ್. ಇದನ್ನು ನಾವು ನೋಡಿಕೊಂಡಿದ್ದು ಮೆಷಿನ್ ಬಂದ ಮೇಲೆ. ಮೊದಲ ದಿನವೇ ಫ್ರಿಜ್ಜು, ಗ್ರೈಂಡರ್, ಮೆಷಿನ್ ಒಟ್ಟಿಗೆ ಹಾಕಿದಾಗ ಟ್ರಿಪ್ ಆಯಿತು. ಮೆಸ್ಕಾಂ ಬಿಲ್‌ನಲ್ಲಿ ಮಂಜೂರಾದ ಲೋಡ್ ಬರೆದಿರುತ್ತದೆ, ಅಡ್ವಾನ್ಸ್ ಕೊಡುವ ಮುಂಚೆ ಆ ಬಿಲ್ ಕೇಳಿ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು ಗಂಟೆಗಟ್ಟಲೆ ಇರುವುದಿಲ್ಲ. ಸಾಮಾನ್ಯ ಇನ್ವರ್ಟರ್ ಮೆಷಿನ್ ಎಳೆಯುವುದಿಲ್ಲ. ಗ್ಯಾಸ್ ಒಲೆ, ಹಿತ್ತಾಳೆ ಫಿಲ್ಟರ್ ಯಾವತ್ತೂ ಸಿದ್ಧ ಇರಲಿ.

ಬೋರ್‌ವೆಲ್ ನೀರು ಗಡಸು. ಅದನ್ನೇ ಹಾಕಿ ನಮ್ಮ ಬಾಯ್ಲರ್‌ನಲ್ಲಿ ಎಂಟು ತಿಂಗಳಿಗೆ ಸುಣ್ಣ ಕಟ್ಟಿತು. ಬಿಚ್ಚಿದಾಗ ಒಳಗೆ ಮೊಟ್ಟೆ ಚಿಪ್ಪಿನಂಥ ಬಿಳಿ ಪದರ. ಮೆಷಿನ್ ಮೂರು ದಿನ ನಿಂತಿತು. ಮೆಷಿನ್ ಜೊತೆಗೇ ಸಾಫ್ಟ್‌ನರ್ ಕೊಳ್ಳಿ, ಆಮೇಲೆ ನೋಡೋಣ ಅನ್ನಬೇಡಿ.

ಎಸ್ಪ್ರೆಸೊ ಅಳತೆ ಸುಲಭ. 18 ಗ್ರಾಂ ಪುಡಿ, ಕಪ್‌ಗೆ ಇಳಿಯುವ ಕಾಫಿ 36 ಗ್ರಾಂ, ಇಳಿಯಲು 25ರಿಂದ 30 ಸೆಕೆಂಡು. ಕಷ್ಟ ಇರುವುದು ನಮ್ಮ ಹವೆಯಲ್ಲಿ. ಜುಲೈನಲ್ಲಿ ಬೆಳಿಗ್ಗೆ ಕೂರಿಸಿದ ಗ್ರೈಂಡರ್ ಸೆಟ್ಟಿಂಗ್ ಮಧ್ಯಾಹ್ನಕ್ಕೆ ನಿಲ್ಲುತ್ತಿರಲಿಲ್ಲ. ಫಿಲ್ಟರ್ ಪುಡಿ ಡಬ್ಬದಲ್ಲೇ ಗಂಟು ಕಟ್ಟುತ್ತಿತ್ತು, ಚಮಚ ಹಾಕಿದರೆ ಬೆಲ್ಲದ ಪುಡಿ ಥರ ಅಂಟುತ್ತಿತ್ತು. ಮಳೆಗಾಲದಲ್ಲಿ ಎರಡು ದಿನಕ್ಕಾಗುವಷ್ಟೇ ಪುಡಿ ಮಾಡಿಸಿ. ಬೀಜವನ್ನೂ ಹದಿನೈದು ದಿನಕ್ಕಿಂತ ಜಾಸ್ತಿ ಇಡಬೇಡಿ.

ಹೆಜ್ಜೆ 7: ಕಾಗದಪತ್ರ

ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಅನುಮತಿ, 19 ಕಿಲೋ ಕಮರ್ಷಿಯಲ್ ಸಿಲಿಂಡರ್. ನಾವು ತೆರೆದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಮೇಲಾದರೆ ರಾಜ್ಯದ ಲೈಸೆನ್ಸ್ ಬೇಕಿತ್ತು. ಮಿತಿಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ವೆಬ್‌ಸೈಟಿನಲ್ಲಿ ನೋಡಿ.

ಜಿಎಸ್‌ಟಿ ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಇಂಥ ವ್ಯಾಪಾರಕ್ಕೆ 20 ಲಕ್ಷದ ಮಿತಿ ಇರುವುದು ಒಟ್ಟು ವಹಿವಾಟಿಗೆ, ಲಾಭಕ್ಕಲ್ಲ. ನಷ್ಟದಲ್ಲಿದ್ದರೂ ನೋಂದಣಿ ಬೇಕಾಗಬಹುದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನಿಮಗೆ ನೆನಪಿರಬಹುದು. ಹೋಟೆಲ್‌ಗಳ 5 ಪರ್ಸೆಂಟ್ ದರದಲ್ಲಿ, ಮೆಷಿನ್‌ಗೆ ನೀವು ಕೊಟ್ಟ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಅದನ್ನು ಬಂಡವಾಳಕ್ಕೇ ಸೇರಿಸಿ.

ಹೆಜ್ಜೆ 8: ಜನ

ಬೆಂಗಳೂರಿನಲ್ಲಿ ಕೆಲಸ ಕಲಿತ ಹುಡುಗನನ್ನು 18,000ಕ್ಕೆ ಕರೆತಂದೆವು. ಒಳ್ಳೆ ಕೈ. ನಾಲ್ಕು ತಿಂಗಳಿಗೆ ವಾಪಸ್ ಹೋದ. ಆ ವಾರ ಎರಡು ದಿನ ಮೆಷಿನ್ ಕಾಫಿಯೇ ಇರಲಿಲ್ಲ, ಯಾಕೆಂದರೆ ನನಗೂ ತಮ್ಮನಿಗೂ ಹಾಲಿನ ನೊರೆ ಸರಿಯಾಗಿ ಬರುತ್ತಿರಲಿಲ್ಲ. ಮಾಲೀಕರಿಗೆ ಬಾರದ ಯಾವ ಪದಾರ್ಥವೂ ಮೆನುವಿನಲ್ಲಿ ಇರಬಾರದು. ತೆರೆಯುವ ಮುಂಚೆ ಒಂದು ತಿಂಗಳು ಯಾರದಾದರೂ ಅಂಗಡಿಯಲ್ಲಿ ನಿಂತು ಕಲಿಯಿರಿ, ಸಂಬಳ ಇಲ್ಲದಿದ್ದರೂ ಪರವಾಗಿಲ್ಲ.

ಹೆಜ್ಜೆ 9: ನಿಲ್ಲಿಸುವ ಗೆರೆ ಮೊದಲೇ ಎಳೆಯಿರಿ

ಇದನ್ನು ಯಾರೂ ಹೇಳುವುದಿಲ್ಲ. ಬಾಗಿಲು ತೆರೆಯುವ ಮುಂಚೆಯೇ ಮುಚ್ಚುವ ಮಾತು ಅಪಶಕುನ ಅಂತ ನಮ್ಮ ಮನೆಯಲ್ಲೂ ಅಂದರು. ಆದರೂ ಬರೆದಿಡಿ. "ಇಂತಿಷ್ಟು ಲಕ್ಷಕ್ಕಿಂತ ಜಾಸ್ತಿ ಕೈಯಿಂದ ಹಾಕುವುದಿಲ್ಲ, ಸತತ ಮೂರು ತಿಂಗಳು ಇಷ್ಟು ಕಪ್‌ಗಿಂತ ಕಡಿಮೆಯಾದರೆ ನಿಲ್ಲಿಸುತ್ತೇವೆ" ಅಂತ. ಇಬ್ಬರೂ ಸಹಿ ಹಾಕಿ. ಲೆಕ್ಕ ಹೇಳಿದ ಪ್ರಕಾರ ನಾವು ಜೂನ್‌ನಲ್ಲೇ ನಿಲ್ಲಿಸಬೇಕಿತ್ತು. ದಸರಾ ನೋಡೋಣ, ದೀಪಾವಳಿ ನೋಡೋಣ ಅಂತ ಆರು ತಿಂಗಳು ಎಳೆದೆವು. ಅಮ್ಮ ಅಡಿಕೆ ದುಡ್ಡಿನಲ್ಲಿ ಎತ್ತಿಟ್ಟಿದ್ದ 80,000 ಆ ಆರು ತಿಂಗಳಲ್ಲಿ ಹೋಯಿತು. ಅದು ನನ್ನನ್ನು ಈಗಲೂ ಚುಚ್ಚುತ್ತದೆ. ಅವಳು ಒಂದು ಮಾತೂ ಆಡಲಿಲ್ಲ.

ಸಾಲ ಅಂಗಡಿಯ ಜೊತೆ ಮುಚ್ಚುವುದಿಲ್ಲ ಅನ್ನುವುದು ನೆನಪಿರಲಿ. ಮುದ್ರಾ ಯೋಜನೆಯಲ್ಲಿ 5 ಲಕ್ಷ ತೆಗೆದಿದ್ದೆವು, 60 ಕಂತು. ಅಂಗಡಿ ಇದ್ದಾಗ ಕಟ್ಟಿದ್ದು 14, ಉಳಿದ 46 ಕಂತನ್ನು ಇಬ್ಬರೂ ಬೇರೆ ಕೆಲಸ ಮಾಡಿ ಕಟ್ಟುತ್ತಿದ್ದೇವೆ. ಅಂಗಡಿ ಎಷ್ಟು ದಿನ ಬಾಳುತ್ತದೋ ಗೊತ್ತಿಲ್ಲದಿರುವಾಗ ಸಾಲ ಚಿಕ್ಕದಿರಲಿ.

ಮುಚ್ಚುವ ಕೆಲಸವೂ ಒಂದು ಕ್ರಮದಲ್ಲಿ ಆಗಬೇಕು. ಮೊದಲು ಕೆಲಸದವರಿಗೆ ಹೇಳಿ, ಒಂದು ತಿಂಗಳು ಮುಂಚೆ. ಅವರ ಸಂಬಳ ಮೊದಲು ತೀರಿಸಿ, ಹಾಲಿನವರದ್ದು ಆಮೇಲೆ, ಪುಡಿಯವರದ್ದು ಆಮೇಲೆ. ಮೆಷಿನ್ ಮಾರುವ ಜಾಹೀರಾತನ್ನು ಅಂಗಡಿ ನಡೆಯುತ್ತಿರುವಾಗಲೇ ಹಾಕಿ. ಓಡುವ ಮೆಷಿನ್ ನೋಡಿ ಕೊಳ್ಳುವವನು ಕೊಡುವ ಬೆಲೆಯನ್ನು, ಗೋಣಿ ಹೊದಿಸಿ ಇಟ್ಟ ಮೆಷಿನ್‌ಗೆ ಯಾರೂ ಕೊಡುವುದಿಲ್ಲ. ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ, ಜಿಎಸ್‌ಟಿ ಇದ್ದರೆ ಅದನ್ನೂ ಬರಹದಲ್ಲಿ ರದ್ದು ಮಾಡಿಸಿ, ಇಲ್ಲದಿದ್ದರೆ ನೋಟಿಸ್ ಬರುತ್ತಲೇ ಇರುತ್ತವೆ. ಬೀಗದ ಕೈ ಕೊಡುವ ದಿನ ಗೋಡೆ, ನೆಲ, ಟಾಯ್ಲೆಟ್, ಕರೆಂಟು ಮೀಟರ್ ಎಲ್ಲದರ ಫೋಟೋ ತೆಗೆಯಿರಿ. ಮೀಟರ್‌ನ ಅಂಕಿ ಸ್ಪಷ್ಟವಾಗಿ ಕಾಣಬೇಕು. ನಮ್ಮ ಅಡ್ವಾನ್ಸ್ ವಾಪಸ್ ಬರುವಾಗ ಮಾತುಕತೆ ನಿಂತಿದ್ದು ಆ ಒಂದು ಫೋಟೋದ ಮೇಲೆ.